ಕಲ್ಲಿನ ಮೇಲೆ ಉಳಿದ ಊರು, ತೊಗಟೆಯ ಮೇಲೆ ಉಳಿದ ಊರು

ಕುಮಾರಪಟ್ಟಣಕ್ಕೂ ಹರಿಹರಕ್ಕೂ ನಡುವೆ ಇರುವುದು ಒಂದು ಹೊಳೆ ಮಾತ್ರ. ತುಂಗಭದ್ರೆಯ ಎಡದಂಡೆಯಲ್ಲಿರುವ ಕುಮಾರಪಟ್ಟಣ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದೆ; ಬಲದಂಡೆಯ ಹರಿಹರ ದಾವಣಗೆರೆ ಜಿಲ್ಲೆಯಲ್ಲಿದೆ. ಕುಮಾರಪಟ್ಟಣವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಕಾರ್ಖಾನೆಯ ಚಿಮಣಿ, ಪಾಳಿ ಬದಲಾಗುವ ಸೈರನ್, ಕೆಲಸಗಾರರ ಬಡಾವಣೆ. ಅಲ್ಲಿ ಮರದ ತಿರುಳನ್ನು ತಯಾರಿಸುವ ಕಾರ್ಖಾನೆಯ ಹೆಸರು ಮಾತ್ರ ಆಚೆ ದಡದ್ದು: ಹರಿಹರ ಪಾಲಿಫೈಬರ್ಸ್. ಹೊಸ ಊರಿನ ಕಾರ್ಖಾನೆ ಹಳೆಯ ಊರಿನ ಹೆಸರನ್ನು ಎರವಲು ಪಡೆದುದರಲ್ಲಿ ಆಶ್ಚರ್ಯವಿಲ್ಲ. ಈ ಭಾಗದಲ್ಲಿ ಹರಿಹರದ ಹೆಸರಿಗೆ ಅಷ್ಟು ಹಳೆಯ ತೂಕವಿದೆ.

ಆ ತೂಕ ಎಲ್ಲಿಂದ ಬಂತು? ಹರಿಹರೇಶ್ವರ ದೇವಸ್ಥಾನದಿಂದ ಎಂದು ಯಾರಾದರೂ ಉತ್ತರಿಸುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ನಿಂತಿರುವ ಶಾಸನದ ಕಲ್ಲುಗಳನ್ನು ನೋಡಿಯೂ ನೋಡದಂತೆ ಗರ್ಭಗುಡಿಯತ್ತ ನಡೆದು ಹೋಗುವುದು ನಮ್ಮೆಲ್ಲರ ಅಭ್ಯಾಸ. ಆ ಕಲ್ಲುಗಳು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಈ ಬರಹದಲ್ಲಿ ನೋಡೋಣ. ಹೋಲಿಕೆಗಾಗಿ ಬಹುದೂರದ ಇನ್ನೊಂದು ಹಳೆಯ ನಗರಕ್ಕೂ ಹೋಗಿಬರೋಣ. ಅದು ರಷ್ಯಾದ ನೊವ್ಗೊರೋದ್. ಅದೂ ಹೊಳೆಯ ಎರಡು ದಂಡೆಗಳ ಮೇಲೆ ಬೆಳೆದ ಊರು. ಅದೂ ಬರಹದಿಂದಲೇ ನಮಗೆ ಗುರುತಾದ ಊರು. ಆದರೆ ಅಲ್ಲಿಯ ಜನ ಬರೆದದ್ದು ಕಲ್ಲಿನ ಮೇಲಲ್ಲ.

ಕೂಡಲಿನ ಊರು

ಹರಿಹರಕ್ಕೆ ಶಾಸನಗಳಲ್ಲಿ ಕಾಣುವ ಹಳೆಯ ಹೆಸರು ಕೂಡಲೂರು. ಎರಡು ನೀರು ಕೂಡುವ ಜಾಗ ಕೂಡಲು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಟು ಬರುವ ಹರಿದ್ರಾ ನದಿ ಇಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹರಿದ್ರಾ ಎಂದರೆ ಅರಿಶಿನ. ಹೆಸರು ದೊಡ್ಡದು, ಹೊಳೆ ಚಿಕ್ಕದು. ಆದರೆ ಈ ಚಿಕ್ಕ ಹೊಳೆಯೇ ಮುಂದೆ ನಮ್ಮ ಕಥೆಯಲ್ಲಿ ದೊಡ್ಡ ಪಾತ್ರ ವಹಿಸುತ್ತದೆ, ನೆನಪಿಟ್ಟುಕೊಳ್ಳಿ.

ಸ್ಥಳಪುರಾಣ ಎಲ್ಲರಿಗೂ ತಿಳಿದದ್ದು. ಗುಹಾಸುರನೆಂಬ ರಾಕ್ಷಸ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಿರಲೆಂದು ಬ್ರಹ್ಮನಿಂದ ವರ ಪಡೆದ. ಹರಿ ಹರರಿಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಈ ಕಲ್ಪನೆ ಹರಿಹರದಲ್ಲೇ ಹುಟ್ಟಿದ್ದೆಂದು ತಿಳಿಯಬೇಕಾಗಿಲ್ಲ. 6ನೆಯ ಶತಮಾನದ ಬಾದಾಮಿಯ ಒಂದನೆಯ ಗುಹೆಯಲ್ಲಿಯೇ ಹರಿಹರನ ಭವ್ಯವಾದ ಶಿಲ್ಪವಿದೆ. ಹರಿಹರದ ವಿಶೇಷವೆಂದರೆ ಇಲ್ಲಿ ಆ ದೇವರು ಗೋಡೆಯ ಮೇಲಿನ ಶಿಲ್ಪಗಳಲ್ಲಿ ಒಬ್ಬನಾಗಿ ಉಳಿಯದೆ ಊರಿಗೇ ಒಡೆಯನಾದ, ಊರಿಗೆ ತನ್ನ ಹೆಸರನ್ನೇ ಕೊಟ್ಟ.

ಊರಿನ ಲಿಖಿತ ಇತಿಹಾಸವೂ ಹಿಂದಕ್ಕೆ ಹೋಗುತ್ತದೆ. ಬಾದಾಮಿ ಚಾಲುಕ್ಯರ ವಿನಯಾದಿತ್ಯನ ತಾಮ್ರಶಾಸನವೊಂದು ಹರಿಹರದಲ್ಲಿ ದೊರೆತಿದೆ. ಅದರ ಕಾಲ ಶಕ 616, ಅಂದರೆ ಕ್ರಿ.ಶ. 694. ಈಗ ನಾವು ನೋಡುವ ದೇವಾಲಯ ಕಟ್ಟುವುದಕ್ಕೆ ಐದು ಶತಮಾನಗಳಿಗೂ ಹಿಂದಿನ ಮಾತು ಅದು.

ಕಟ್ಟಿಸಿದವನೂ ಕವಿ

ದೇವಾಲಯವನ್ನು 1223-24ರಲ್ಲಿ ಕಟ್ಟಿಸಿದವನು ಪೋಲಾಳ್ವ ದಂಡನಾಥ. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ, ಸೇನಾನಿ. ಬೇಲೂರು ಹಳೇಬೀಡುಗಳ ಗೋಡೆಗಳಲ್ಲಿ ಕಣ್ಣು ತುಂಬುವ ಶಿಲ್ಪಗಳ ಸಾಲುಗಳಿಗೆ ಒಗ್ಗಿಕೊಂಡವರಿಗೆ ಹರಿಹರದ ಗುಡಿ ಮೊದಲ ನೋಟಕ್ಕೆ ಸ್ವಲ್ಪ ಸಪ್ಪೆ ಎನಿಸಬಹುದು. ಅದರ ಚೆಲುವು ಇರುವುದು ತೆರೆದ ಮಂಟಪದಲ್ಲಿ. ಮೂಲೆ ಮೂಲೆಯಾಗಿ ಹೊರಚಾಚಿಕೊಂಡ ವಿಶಾಲವಾದ ತಳವಿನ್ಯಾಸ. ಸುತ್ತಲೂ ಸುಮಾರು ಒಂದು ಮೀಟರ್ ಎತ್ತರದ ಕೈಪಿಡಿ ಗೋಡೆ. ಆ ಗೋಡೆಯ ಮೇಲೆ ನಿಂತ ಅರೆಗಂಬಗಳು. ಒಳಗೆ ಕಡೆದು ನುಣುಪು ಮಾಡಿದ ಕಂಬಗಳು. ತಲೆಯೆತ್ತಿ ನೋಡಿದರೆ ಮಾಡಿನಲ್ಲಿ ಅರಳಿದ ಕಮಲಗಳು. ಗರ್ಭಗುಡಿಯ ಮೇಲಿದ್ದ ಮೂಲ ಶಿಖರ ಈಗಿಲ್ಲ. ಈಗ ಕಾಣುವ ಗೋಪುರ ನಂತರದ ಕಾಲದ ಇಟ್ಟಿಗೆ ಗಾರೆಯ ಕೆಲಸ. ದೇವಾಲಯಕ್ಕೆ 115 ಚಿನ್ನದ ಕಳಶಗಳಿದ್ದವೆಂದು ಶಾಸನ ಹೇಳುತ್ತದೆ. ಕಳಶಗಳು ಹೋದವು, ಶಿಖರವೂ ಹೋಯಿತು. ಅವು ಇದ್ದವೆಂದು ಹೇಳಿದ ಕಲ್ಲು ಉಳಿಯಿತು.

ಪೋಲಾಳ್ವನ ವಿಷಯದಲ್ಲಿ ಇದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ಅವನು ಕತ್ತಿ ಹಿಡಿದವನಷ್ಟೇ ಅಲ್ಲ, ಕವಿಯೂ ಹೌದು. ‘ಹರಿಚಾರಿತ್ರ’ ಎಂಬ ಕಾವ್ಯವನ್ನು ಷಟ್ಪದಿಯಲ್ಲಿ ರಚಿಸಿದನೆಂದು ಕನ್ನಡ ಸಾಹಿತ್ಯ ಚರಿತ್ರೆಕಾರರು ಅವನನ್ನು ಕವಿಗಳ ಸಾಲಿನಲ್ಲಿ ಸೇರಿಸಿದ್ದಾರೆ. ರಾಘವಾಂಕ ಷಟ್ಪದಿಯನ್ನು ಕಾವ್ಯಕ್ಕೆ ಹದಗೊಳಿಸಿದ ಕಾಲಕ್ಕೆ ಹತ್ತಿರದವನು ಈ ಪೋಲಾಳ್ವ. ಆದ್ದರಿಂದ ಆ ಕಾವ್ಯ ಸಿಕ್ಕಿದ್ದರೆ ಕನ್ನಡ ಛಂದಸ್ಸಿನ ಚರಿತ್ರೆಗೇ ಒಂದು ಪುಟ ಸೇರುತ್ತಿತ್ತು. ಸಿಕ್ಕಿಲ್ಲ. ತಾಳೆಗರಿಯ ಮೇಲೆ ಬರೆದದ್ದು ಗೆದ್ದಲಿಗೋ ಬೆಂಕಿಗೋ ನೀರಿಗೋ ಆಹುತಿಯಾಗಿರಬೇಕು. ಕವಿಯ ಹೆಸರು ಉಳಿದಿರುವುದು ಅವನ ಕಾವ್ಯದಿಂದಲ್ಲ, ಅವನು ನಿಲ್ಲಿಸಿದ ಕಲ್ಲಿನಿಂದ.

ಪ್ರಾಚೀನ ಕರ್ನಾಟಕವನ್ನು ಅಧ್ಯಯನ ಮಾಡುವಾಗ ಈ ಮಾತು ಸದಾ ನೆನಪಿನಲ್ಲಿರಬೇಕು. ಬರೆಯುವವರು ಬಹಳ ಮಂದಿ ಇದ್ದರು. ಕಲ್ಲಿನ ಮೇಲೆ ಬರೆಸುವ ಶಕ್ತಿಯಿದ್ದವರು ಕೆಲವರೇ. ನಮ್ಮ ಕೈಗೆ ಬಂದಿರುವುದು ಬಹುಪಾಲು ಆ ಕೆಲವರ ದಾಖಲೆ.

ವೈರಿಗಳಿಬ್ಬರು, ಅಂಗಳ ಒಂದೇ

13ನೆಯ ಶತಮಾನದಲ್ಲಿ ತುಂಗಭದ್ರೆಯ ಈ ಭಾಗ ಗಡಿನಾಡು. ದಕ್ಷಿಣಕ್ಕೆ ದೋರಸಮುದ್ರದ ಹೊಯ್ಸಳರು, ಉತ್ತರಕ್ಕೆ ದೇವಗಿರಿಯ ಸೇವುಣರು. ಎಡದಂಡೆಯ ಗುತ್ತಲದಲ್ಲಿ ಗುತ್ತರು ಎಂಬ ಮಾಂಡಲಿಕರು ಆಳುತ್ತಿದ್ದರು; ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರು ತಾವೆಂದು ಹೇಳಿಕೊಳ್ಳುತ್ತಿದ್ದ ಮನೆತನ ಅದು. ಹೊಳೆಗುಂಟ ಕೆಳಕ್ಕೆ ಹೋದರೆ ಸಿಗುವ ಚೌಡದಾನಪುರದ ಮುಕ್ತೇಶ್ವರ ದೇವಾಲಯ ಅವರ ಆಶ್ರಯದಲ್ಲಿ ಬೆಳೆದದ್ದು. ಹರಿಹರದ ಗುಡಿ ಮುಗಿದ ಮರುವರ್ಷ, 1225ರಲ್ಲಿ, ಶಿವದೇವರೆಂಬ ಶರಣರು ಅಲ್ಲಿಗೆ ಬಂದು ನೆಲೆಸಿದ ಸಂಗತಿಯನ್ನು ಅಲ್ಲಿಯ ಶಾಸನ ದಾಖಲಿಸಿದೆ. ರಾಣೆಬೆನ್ನೂರು ತಾಲ್ಲೂಕಿನ ವಿದ್ಯಾರ್ಥಿಗಳು ಹಳೇಬೀಡಿಗೆ ಶೈಕ್ಷಣಿಕ ಪ್ರವಾಸ ಹೋಗುವ ಮೊದಲು ತಮ್ಮ ತಾಲ್ಲೂಕಿನಲ್ಲೇ ಇರುವ ಈ ಗುಡಿಯನ್ನು ನೋಡಬೇಡವೇ ಎಂದು ಕೇಳಬೇಕೆನಿಸುತ್ತದೆ. ಇರಲಿ.

ಹರಿಹರಕ್ಕೆ ಮರಳೋಣ. 1268ರಲ್ಲಿ ಇಲ್ಲಿಯ ದೇವಾಲಯಕ್ಕೆ ಹೊಸ ಭಾಗಗಳನ್ನು ಸೇರಿಸಿದವನು ಸೋಮ ದಂಡನಾಯಕ. ಮುಮ್ಮಡಿ ನರಸಿಂಹನ ಸೇನಾನಿಯಾದ ಇವನೇ ಮೈಸೂರು ಸೀಮೆಯ ಸೋಮನಾಥಪುರವನ್ನು ಸ್ಥಾಪಿಸಿದವನು. ಅಲ್ಲಿಯ ಪ್ರಸಿದ್ಧ ಕೇಶವ ದೇವಾಲಯ 1258ರದು. ಅಂದರೆ ಅದನ್ನು ಮುಗಿಸಿದ ಹತ್ತು ವರ್ಷಕ್ಕೆ ರಾಜ್ಯದ ಇನ್ನೊಂದು ತುದಿಯಲ್ಲಿ ಅವನ ಕೈ ಕೆಲಸ ಮಾಡಿದೆ.

ಮತ್ತೆ ಒಂಬತ್ತು ವರ್ಷ ಕಳೆಯಲಿ. ಸೇವುಣ ರಾಮಚಂದ್ರನ ದಂಡನಾಯಕ ಸಾಳುವ ತಿಕ್ಕಮ 1276ರಲ್ಲಿ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆಯೇ ದಂಡೆತ್ತಿ ಹೋದ. ಹಿಂದಿರುಗಿದ ಮೇಲೆ 1277ರಲ್ಲಿ ಅವನೂ ಹರಿಹರದಲ್ಲಿ ಧರ್ಮಕಾರ್ಯ ನಡೆಸಿ ಶಾಸನ ಹಾಕಿಸಿದ! ಸೋಮ ಯಾರ ಪರ ಕಾದಿದನೋ ಅವರ ವಿರುದ್ಧ ಕಾದಿ ಬಂದವನು ತಿಕ್ಕಮ. ಇಬ್ಬರ ನೆನಪೂ ಒಂದೇ ದೇವರ ಸನ್ನಿಧಿಯಲ್ಲಿದೆ. ಹರಿ ಹರರನ್ನು ಒಂದು ಮಾಡಿದ ದೇವರಲ್ಲವೇ ಎಂದು ಭಕ್ತರು ಹೇಳಬಹುದು. ಇತಿಹಾಸದ ವಿದ್ಯಾರ್ಥಿ ಇನ್ನೊಂದು ಬಗೆಯಲ್ಲಿ ನೋಡುತ್ತಾನೆ. ಗಡಿಯ ದೇವಸ್ಥಾನಕ್ಕೆ ದಾನ ಕೊಡುವುದೆಂದರೆ ಆ ನೆಲದ ಮೇಲೆ ತನ್ನ ಮಾತು ನಡೆಯುತ್ತದೆ ಎಂದು ಸಾರುವುದೂ ಹೌದು. ಭಕ್ತಿಯೂ ರಾಜಕೀಯವೂ ಬಿಡಿಸಲಾಗದಂತೆ ಒಂದೇ ಕಲ್ಲಿನಲ್ಲಿ ಸೇರಿಕೊಂಡಿವೆ.

ಅಣೆಕಟ್ಟಿನ ಕರಾರು

ನನ್ನನ್ನು ಕೇಳಿದರೆ, ಹರಿಹರದ ಶಾಸನಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳವು ಈ ದಂಡನಾಯಕರದಲ್ಲ. ವಿಜಯನಗರದ ಕಾಲದ ಎರಡು ಶಾಸನಗಳು, 1410 ಮತ್ತು 1424ರವು. ಅವುಗಳಲ್ಲಿ ಯುದ್ಧವಿಲ್ಲ. ಇರುವುದು ನೀರಿನ ಲೆಕ್ಕ.

ಒಂದನೆಯ ದೇವರಾಯ ಆಳುತ್ತಿದ್ದ ಕಾಲ. ಹರಿದ್ರಾ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಕಾಲುವೆ ತೆಗೆದು, ಹರಿಹರದ ಭೂಮಿಗೆ ನೀರು ಹರಿಸಬೇಕೆಂಬ ಯೋಜನೆ ಆಯಿತು. ಕಾಲುವೆ ಹಾದುಹೋಗುವ ಭೂಮಿ ದೇವರದು. ಖರ್ಚು ಮಾಡಿ ಕಟ್ಟೆ ಕಟ್ಟುವವರು ಊರಿನ ಬ್ರಾಹ್ಮಣರು. ಹಾಗಾದರೆ ನೀರು ಹರಿದು ಗದ್ದೆಯಾಗುವ ನೆಲ ಯಾರ ಪಾಲು? ಎರಡು ಪಾಲು ದೇವರಿಗೆ, ಒಂದು ಪಾಲು ಕಟ್ಟೆಗೆ ಹಣ ಹಾಕಿದವರಿಗೆ ಎಂದು ಒಪ್ಪಂದವಾಯಿತು. ಅದನ್ನು 1410ರ ಶಾಸನ ದಾಖಲಿಸುತ್ತದೆ.

ಈ ಕರಾರಿನ ಹಿಂದಿನ ಬುದ್ಧಿವಂತಿಕೆಯನ್ನು ಗಮನಿಸಿ. ಒಬ್ಬರ ಬಳಿ ಭೂಮಿಯಿದೆ, ನೀರಿಲ್ಲ. ಇನ್ನೊಬ್ಬರ ಬಳಿ ಹಣವಿದೆ, ಭೂಮಿಯಿಲ್ಲ. ಒಣಭೂಮಿ ನೀರಾವರಿಯಾದಾಗ ಅದರ ಹುಟ್ಟುವಳಿ ಹೆಚ್ಚುತ್ತದೆ. ಆದ್ದರಿಂದ ಮೂರರಲ್ಲೊಂದು ಪಾಲು ಬಿಟ್ಟುಕೊಟ್ಟರೂ ಭೂಮಿಯ ಒಡೆಯನಿಗೆ ನಷ್ಟವಿಲ್ಲ. ಹಣ ಹಾಕಿದವನಿಗೆ ಸಿಗುವುದು ಬಡ್ಡಿಯಲ್ಲ, ಶಾಶ್ವತವಾದ ನೀರಾವರಿ ಭೂಮಿ. ಕಟ್ಟೆ ಗಟ್ಟಿಯಾಗಿರಬೇಕೆಂಬ ಆಸೆ ಇಬ್ಬರಿಗೂ ಉಳಿಯುತ್ತದೆ. ಇಂದಿನ ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದುವ ಪಾಲುದಾರಿಕೆಯ ತತ್ತ್ವ ಆರುನೂರು ವರ್ಷಗಳ ಹಿಂದೆ ಹರಿದ್ರೆಯ ದಡದಲ್ಲಿ ಜಾರಿಯಲ್ಲಿತ್ತು. ಆದರೆ ಶಾಸನ ಹೇಳದ ಮಾತೂ ಒಂದಿದೆ. ಮಣ್ಣು ಹೊತ್ತವರು, ಕಲ್ಲು ಸೀಳಿದವರು, ಆ ಗದ್ದೆಗಳಲ್ಲಿ ನಾಟಿ ಮಾಡಿದವರು ಈ ಪಾಲಿನ ಲೆಕ್ಕದಲ್ಲಿ ಬರುವುದಿಲ್ಲ.

ಹೊಳೆ ಕರಾರು ಓದುವುದಿಲ್ಲ. ಕಟ್ಟೆ ಒಡೆಯಿತು. 1424ರ ಶಾಸನ ಅದರ ಮುಂದಿನ ಕಥೆ ಹೇಳುತ್ತದೆ: ದೇವರಾಯನ ಸೇನಾಧಿಪತಿ ಚಾಮ ನೃಪಾಲ ಹಣ ಒದಗಿಸಿ ಕಟ್ಟೆಯನ್ನು ಮತ್ತೆ ಕಟ್ಟಿಸಿಕೊಟ್ಟ. ಹದಿನಾಲ್ಕೇ ವರ್ಷಗಳ ಅಂತರದಲ್ಲಿ ಒಂದು ಊರಿನ ಆಸೆ, ಅದರ ಭಂಗ, ಅದರ ಪುನರುದ್ಧಾರ ಮೂರೂ ನಮಗೆ ತಿಳಿಯುತ್ತವೆ. ರಾಜರ ಬಿರುದಾವಳಿಗಳನ್ನು ದಾಟಿ ಊರಿನ ಜೀವನದ ಹತ್ತಿರಕ್ಕೆ ಇಷ್ಟು ಬರುವ ಕಲ್ಲುಗಳು ಹೆಚ್ಚಿಲ್ಲ.

ಇನ್ನೂ ಹತ್ತಿರಕ್ಕೆ ಹೋಗುವುದು ಸಾಧ್ಯವೇ? ಆ ಗದ್ದೆಯ ರೈತ ಯಾರಿಗೆ ಸಾಲ ಕೊಡಬೇಕಿತ್ತು, ಅವನ ಮಗ ಓದು ಕಲಿಯುವಾಗ ಏನು ಗೀಚಿದ ಎಂಬುದು ತಿಳಿಯಬಹುದೇ? ನಮ್ಮ ಮಣ್ಣಿನಲ್ಲಿ ತಿಳಿಯದು. ನೊವ್ಗೊರೋದಿನಲ್ಲಿ ತಿಳಿದಿದೆ.

ಹಳೆಯದಾದ ಹೊಸೂರು

ನೊವ್ಗೊರೋದ್ ಎಂಬ ಪದದ ಅರ್ಥ ಹೊಸ ನಗರ, ನಮ್ಮ ಹೊಸೂರು ಇದ್ದಂತೆ. ರಷ್ಯಾದ ಅತಿ ಹಳೆಯ ನಗರಗಳಲ್ಲಿ ಒಂದಕ್ಕೆ ಈ ಹೆಸರು. ಹಳೆಯ ವೃತ್ತಾಂತಗಳು ಕ್ರಿ.ಶ. 859ರಲ್ಲಿಯೇ ಅದನ್ನು ಹೆಸರಿಸುತ್ತವೆ. ವೋಲ್ಖೋವ್ ನದಿ ಊರನ್ನು ಎರಡಾಗಿ ಸೀಳುತ್ತದೆ. ಒಂದು ದಂಡೆಯಲ್ಲಿ ಕೋಟೆ ಮತ್ತು 1045ರಿಂದ 1050ರವರೆಗೆ ಕಟ್ಟಿದ ಸಂತ ಸೋಫಿಯಾ ಮಹಾ ಇಗರ್ಜಿ. ಇನ್ನೊಂದು ದಂಡೆಯಲ್ಲಿ ಸಂತೆ, ವ್ಯಾಪಾರಿಗಳ ಕೇರಿ. ಮೊದಲನೆಯದನ್ನು ಸೋಫಿಯಾ ಭಾಗ, ಎರಡನೆಯದನ್ನು ವ್ಯಾಪಾರದ ಭಾಗ ಎಂದು ಇಂದಿಗೂ ಕರೆಯುತ್ತಾರೆ. ಗುಡಿಯ ಹರಿಹರ, ದುಡಿಮೆಯ ಕುಮಾರಪಟ್ಟಣ ಎಂದು ಹೋಲಿಸಿಕೊಂಡರೆ ಸ್ವಲ್ಪ ಹೊಂದುತ್ತದೆ. ಹರಿಹರದಲ್ಲೂ ದುಡಿಮೆಗೆ ಕೊರತೆಯೇನಿಲ್ಲ ಎನ್ನುವುದನ್ನು ಸೇರಿಸಬೇಕು.

ನೊವ್ಗೊರೋದಿನ ರಾಜಕೀಯವೂ ಕುತೂಹಲದ್ದು. 1136ರಲ್ಲಿ ಅಲ್ಲಿಯ ಜನ ತಮ್ಮ ರಾಜಕುಮಾರನನ್ನು ಹೊರಹಾಕಿದರು. ಅಲ್ಲಿಂದಾಚೆಗೆ ‘ವೇಚೆ’ ಎಂಬ ನಗರಸಭೆಯ ಮಾತಿಗೆ ಬಲ ಬಂತು. ಗಂಟೆ ಬಾರಿಸಿದರೆ ಸಭೆ ಕೂಡುತ್ತಿತ್ತು. 1478ರಲ್ಲಿ ಮಾಸ್ಕೋದ ಮೂರನೆಯ ಇವಾನ್ ನಗರವನ್ನು ವಶಪಡಿಸಿಕೊಂಡಾಗ ಆ ಗಂಟೆಯನ್ನೇ ಇಳಿಸಿ ಮಾಸ್ಕೋಗೆ ಸಾಗಿಸಿದ.

ಈಗ ಮುಖ್ಯ ವಿಷಯಕ್ಕೆ ಬರೋಣ. 1951ರ ಜುಲೈ 26ರಂದು, ಅರ್ತ್ಸಿಖೋವ್ಸ್ಕಿ ಎಂಬ ವಿದ್ವಾಂಸರ ನೇತೃತ್ವದಲ್ಲಿ ನಡೆಯುತ್ತಿದ್ದ ಉತ್ಖನನದಲ್ಲಿ ಸುರುಳಿಯಾದ ಒಂದು ಮರದ ತೊಗಟೆ ಸಿಕ್ಕಿತು. ಬಿಡಿಸಿ ನೋಡಿದರೆ ಅದರ ಮೇಲೆ ಗೀರಿದ ಅಕ್ಷರಗಳು! ಬರ್ಚ್ ಮರದ ತೊಗಟೆ ಅದು. ಈ ಮರ ನಮಗೆ ಅಪರಿಚಿತವಲ್ಲ. ಹಿಮಾಲಯದಲ್ಲಿ ಬೆಳೆಯುವ ಅದರ ಜಾತಿಯೇ ಭೂರ್ಜ, ಅದರ ತೊಗಟೆಯೇ ನಮ್ಮ ಹಳೆಯ ಗ್ರಂಥಗಳ ಭೂರ್ಜಪತ್ರ. ರಷ್ಯನ್ನರು ಮರವನ್ನು ಕರೆಯುವ ‘ಬೆರ್ಯೋಜ’ ಎಂಬ ಮಾತೂ ಸಂಸ್ಕೃತದ ‘ಭೂರ್ಜ’ವೂ ಒಂದೇ ಮೂಲದ ಪದಗಳು. ಕಾಶ್ಮೀರದಲ್ಲಿ ಅದರ ಮೇಲೆ ಮಸಿಯಿಂದ ಬರೆದರು. ನೊವ್ಗೊರೋದಿನವರು ಮಸಿ ಬಳಸದೆ ಲೋಹದ ಅಥವಾ ಮೂಳೆಯ ಮೊನೆಯಿಂದ ಗೀರಿದರು, ನಮ್ಮವರು ತಾಳೆಗರಿಯ ಮೇಲೆ ಕಂಠದಿಂದ ಗೀರಿದಂತೆ.

ಆ ದಿನದಿಂದ ಈವರೆಗೆ ನೊವ್ಗೊರೋದಿನಲ್ಲಿ 1,100ಕ್ಕೂ ಹೆಚ್ಚು ತೊಗಟೆಯ ಓಲೆಗಳು ಸಿಕ್ಕಿವೆ. ತೊಗಟೆ ಎಂಟುನೂರು ವರ್ಷ ಕೊಳೆಯದೆ ಉಳಿದದ್ದು ಹೇಗೆ? ಅಲ್ಲಿಯ ನೆಲ ಸದಾ ಜೌಗು. ನೀರು ತುಂಬಿದ ಜೇಡಿಯ ಪದರಕ್ಕೆ ಗಾಳಿ ಇಳಿಯುವುದಿಲ್ಲ. ಗಾಳಿಯಿಲ್ಲದಲ್ಲಿ ಮರವನ್ನು ಕೊಳೆಸುವ ಜೀವಾಣುಗಳು ಬೆಳೆಯುವುದಿಲ್ಲ. ಕೆಸರಿನ ಕಾಟ ತಡೆಯಲಾರದೆ ಜನ ಬೀದಿಗಳಿಗೆ ಮರದ ದಿಮ್ಮಿ ಹಾಸುತ್ತಿದ್ದರು. ಅದು ಹೂತುಹೋದಾಗ ಅದರ ಮೇಲೆ ಇನ್ನೊಂದು ಹಾಸು. ಒಂದು ಬೀದಿಯಲ್ಲಿ ಹೀಗೆ 28 ಪದರಗಳು ಸಿಕ್ಕಿವೆ, 10ನೆಯ ಶತಮಾನದಿಂದ 15ನೆಯ ಶತಮಾನದವರೆಗಿನವು. ದಿಮ್ಮಿಗಳ ಬಳೆಗಳನ್ನು ಎಣಿಸಿ ಮರ ಕಡಿದ ವರ್ಷವನ್ನೇ ಹೇಳಬಹುದಾದ್ದರಿಂದ, ಎರಡು ಹಾಸುಗಳ ನಡುವೆ ಸಿಕ್ಕಿದ ಓಲೆಯ ಕಾಲವೂ ಹೆಚ್ಚುಕಡಿಮೆ ಗೊತ್ತಾಗುತ್ತದೆ. ನಮ್ಮಲ್ಲಿ ಅರ್ಧ ವರ್ಷ ನೆಲ ನೆನೆಯುತ್ತದೆ, ಅರ್ಧ ವರ್ಷ ಬಿರಿಯುತ್ತದೆ. ಗೆದ್ದಲಿನ ಮಾತಂತೂ ಬೇಡ. ತಾಳೆಗರಿ ಇಲ್ಲಿ ಉಳಿಯಬೇಕಾದರೆ ಯಾರಾದರೂ ಅದನ್ನು ಮತ್ತೆ ಮತ್ತೆ ಪ್ರತಿ ಮಾಡುತ್ತಿರಲೇಬೇಕು.

ಓಲೆಗಳಲ್ಲಿ ಏನಿದೆ? ಸಾಲದ ಪಟ್ಟಿ ಇದೆ. ಮನೆಯಾಳಿಗೆ ಯಜಮಾನನ ಅಪ್ಪಣೆ ಇದೆ. ತನ್ನನ್ನು ಮದುವೆಯಾಗೆಂದು ಒಬ್ಬ ಒಬ್ಬಳಿಗೆ ಬರೆದು ಸಾಕ್ಷಿಯ ಹೆಸರನ್ನೂ ನಮೂದಿಸಿದ ಓಲೆ ಇದೆ. ಎಲ್ಲಕ್ಕಿಂತ ಮುದ್ದಾದವು 13ನೆಯ ಶತಮಾನದ ಓನ್ಫಿಮ್ ಎಂಬ ಹುಡುಗನವು. ವಯಸ್ಸು ಆರೋ ಏಳೋ ಇದ್ದೀತು. ಅಕ್ಷರಮಾಲೆ ಬರೆಯುತ್ತಾನೆ, ಕಾಗುಣಿತ ತಿದ್ದುತ್ತಾನೆ, ಬೇಸರ ಬಂದೊಡನೆ ಚಿತ್ರ ಗೀಚುತ್ತಾನೆ. ಕುದುರೆಯೇರಿ ಶತ್ರುವನ್ನು ಈಟಿಯಿಂದ ತಿವಿಯುವ ವೀರನನ್ನು ಬರೆದು ಪಕ್ಕದಲ್ಲಿ ತನ್ನದೇ ಹೆಸರು ಹಾಕಿಕೊಂಡಿದ್ದಾನೆ. ಹರಿಹರದ ಗುಡಿ ಕಟ್ಟಿದ ಶತಮಾನದವನೇ ಅವನು. ಕೂಡಲೂರಿನ ಮಠದಲ್ಲಿಯೂ ಅದೇ ವಯಸ್ಸಿನ ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದಿಯೇ ಇರುತ್ತಾರೆ. ಮರಳು ಏನನ್ನೂ ಉಳಿಸಿಕೊಳ್ಳಲಿಲ್ಲ.

ಅಳತೆಯ ನಕ್ಷೆ ಗುಡಿಯನ್ನು ಮತ್ತೆ ಕಟ್ಟಿತು

ನೊವ್ಗೊರೋದ್ ಇನ್ನೊಂದು ಪಾಠಕ್ಕೂ ಹೆಸರಾಗಿದೆ. 1941ರ ಆಗಸ್ಟಿನಿಂದ 1944ರ ಜನವರಿಯವರೆಗೆ ನಗರ ಜರ್ಮನ್ ಸೈನ್ಯದ ಹಿಡಿತದಲ್ಲಿತ್ತು. ಬಿಡುಗಡೆಯಾದಾಗ ಊರೆಂಬುದು ಹೆಚ್ಚುಕಡಿಮೆ ಬೂದಿಗುಡ್ಡೆ. ಊರ ಹೊರಗಿನ ನೆರೆದಿತ್ಸಾ ಎಂಬಲ್ಲಿ 1198ರಲ್ಲಿ ಕಟ್ಟಿದ ಚಿಕ್ಕ ಇಗರ್ಜಿಯೊಂದಿತ್ತು. ಗೋಡೆಗಳ ತುಂಬ ಭಿತ್ತಿಚಿತ್ರಗಳಿದ್ದ ಆ ಕಟ್ಟಡ ಫಿರಂಗಿ ಗುಂಡುಗಳಿಗೆ ಸಿಕ್ಕಿ ಕುಸಿಯಿತು. ಆದರೆ 20ನೆಯ ಶತಮಾನದ ಆರಂಭದಲ್ಲಿ, 1903-04ರಲ್ಲಿ, ಪೊಕ್ರಿಶ್ಕಿನ್ ಎಂಬ ವಾಸ್ತುತಜ್ಞ ಅದನ್ನು ದುರಸ್ತಿ ಮಾಡುವಾಗ ಮೂಲೆಮೂಲೆಯನ್ನೂ ಅಳೆದು ನಕ್ಷೆ ತೆಗೆದಿದ್ದ. ಆ ನಕ್ಷೆಗಳ ಆಧಾರದ ಮೇಲೆ 1958ರ ಹೊತ್ತಿಗೆ ಇಗರ್ಜಿಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ಭಿತ್ತಿಚಿತ್ರಗಳ ಬಹುಭಾಗ ಮಾತ್ರ ಮರಳಿ ಬರಲಿಲ್ಲ. 1992ರಲ್ಲಿ ನಗರದ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನೆರೆದಿತ್ಸಾವೂ ಅವುಗಳಲ್ಲಿ ಇತ್ತು. 1999ರಲ್ಲಿ ನಗರದ ಹೆಸರು ಅಧಿಕೃತವಾಗಿ ವೆಲಿಕಿ ನೊವ್ಗೊರೋದ್, ಅಂದರೆ ಮಹಾ ನೊವ್ಗೊರೋದ್ ಎಂದಾಯಿತು.

ಹರಿಹರಕ್ಕೂ ಇಂಥ ಅಳತೆಗಾರರು ಬಂದಿದ್ದರು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸರ್ಕಾರಕ್ಕಾಗಿ ಹರಿಹರ, ಬಳ್ಳಿಗಾವಿ, ಚಿತ್ರದುರ್ಗ ಮೊದಲಾದೆಡೆಯ ಶಾಸನಗಳ ಛಾಯಾಚಿತ್ರ ತೆಗೆದ. ಛಾಯಾಚಿತ್ರ ಕಲೆ ಇನ್ನೂ ಎಳೆಯದಾಗಿದ್ದ ಕಾಲ ಅದು. ಆ ಚಿತ್ರಗಳನ್ನು ಬಳಸಿಕೊಂಡು ಬಿ.ಎಲ್. ರೈಸ್ 1879ರಲ್ಲಿ ಮೈಸೂರು ಶಾಸನಗಳ ಅನುವಾದವನ್ನು ಪ್ರಕಟಿಸಿದರು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಮುಂದೆ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಹರಿಹರದ ಶಾಸನಗಳನ್ನು ಹುಡುಕುವವರು ಅದರಲ್ಲಿ ದಾವಣಗೆರೆ ತಾಲ್ಲೂಕಿನ ಭಾಗವನ್ನು ನೋಡಬೇಕು. ಆಗ ಹರಿಹರ ಆ ತಾಲ್ಲೂಕಿನಲ್ಲಿತ್ತು.

ಕುಮಾರಪಟ್ಟಣದ ಕಡೆಯ ವಿದ್ಯಾರ್ಥಿಗಳಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಆ ಮಾಲೆಯಲ್ಲಿ ಹೊಳೆಯಾಚೆಯ ಅವರ ಊರುಗಳಿಲ್ಲ. 1956ರವರೆಗೆ ಈ ಹೊಳೆ ಎರಡು ಆಡಳಿತಗಳ ಗಡಿ: ಒಂದು ಕಡೆ ಮೈಸೂರು, ಇನ್ನೊಂದು ಕಡೆ ಮುಂಬಯಿ. 1868ರಲ್ಲಿ ಹೊಳೆಗೆ ಸೇತುವೆ ಬಂದು ಜನ ಸಲೀಸಾಗಿ ಓಡಾಡತೊಡಗಿದರೂ ಶಾಸನಗಳು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಸಂಪುಟಗಳಿಗೆ ಹೋದವು. ಎಡದಂಡೆಯವು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಮುಂಬಯಿ ಕರ್ನಾಟಕ ಭಾಗಗಳಲ್ಲಿ ಸಿಗುತ್ತವೆ. 1997ರಲ್ಲಿ ಹಾವೇರಿ, ದಾವಣಗೆರೆ ಜಿಲ್ಲೆಗಳು ಹುಟ್ಟಿದ ಮೇಲೆ ಈ ಹಂಚಿಕೆ ಹೊಸ ಹೆಸರಿನಲ್ಲಿ ಮುಂದುವರಿದಿದೆ. ಆದ್ದರಿಂದ ಒಂದೇ ಹೊಳೆಯ ಎರಡು ದಂಡೆಗಳ ಚರಿತ್ರೆ ಓದಬೇಕೆನ್ನುವವನು ಗ್ರಂಥಾಲಯದಲ್ಲಿ ಎರಡು ಕಪಾಟುಗಳ ನಡುವೆ ಓಡಾಡಬೇಕು. ಸೋಮ ಮತ್ತು ತಿಕ್ಕಮರ ಕಾಲದಲ್ಲಿಯೂ ಈ ನಾಡು ಗಡಿನಾಡೇ ಆಗಿತ್ತು.

ಸಂಪುಟಕ್ಕೆ ಸೇರಿದ ಕಲ್ಲು ಒಡೆದರೂ ಅದರ ಪಾಠ ಉಳಿಯುತ್ತದೆ. ಸೇರದೆ ಉಳಿದವುಗಳ ಗತಿ ಬೇರೆ. ಹಳ್ಳಿಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾಗುವುದು, ಶಾಸನದ ತುಂಡು ಚರಂಡಿಯ ಹಾಸುಗಲ್ಲಾಗುವುದು ಹೊಸದೇನಲ್ಲ. ಅಂಥ ಕಲ್ಲನ್ನು ಕಂಡರೆ ಕಿತ್ತು ತರಬಾರದು. ಅದು ಇರುವ ಜಾಗವೂ ದಾಖಲೆಯ ಒಂದು ಭಾಗ. ಜಾಗವನ್ನು ಬರೆದುಕೊಂಡು ಫೋಟೋ ತೆಗೆದು ಶಾಲೆಯ ಇತಿಹಾಸದ ಶಿಕ್ಷಕರಿಗೋ ರಾಜ್ಯದ ಪುರಾತತ್ತ್ವ ಇಲಾಖೆಗೋ ತಿಳಿಸಬಹುದು. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯುವವರಿದ್ದಾರೆ. ಹಾಗೆ ಮಾಡಿದರೆ ಕಲ್ಲಿನ ಮೇಲ್ಪದರ ಹಾಳಾಗುತ್ತದೆ, ತಪ್ಪಾಗಿ ತಿದ್ದಿದ ಗೆರೆಯೇ ಮುಂದೆ ನಿಜವಾದ ಅಕ್ಷರದಂತೆ ಕಾಣತೊಡಗುತ್ತದೆ.

ತಜ್ಞರು ಬಳಸುವ ವಿಧಾನ ಸರಳ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ಮೆಲ್ಲಗೆ ಬಡಿಯುತ್ತಾರೆ. ಕಾಗದ ಅಕ್ಷರಗಳ ಕುಳಿಯೊಳಕ್ಕೆ ಇಳಿಯುತ್ತದೆ. ಅದರ ಮೇಲೆ ಮಸಿಯ ಗುದ್ದುಗೆಯಿಂದ ತಟ್ಟಿದಾಗ ಸುತ್ತಲಿನ ಬಯಲು ಕಪ್ಪಾಗಿ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇದು ಶಾಸನದ ಅಚ್ಚು. ಅನುಮತಿಯಿಲ್ಲದೆ ನಾವು ಇದನ್ನು ಮಾಡುವಂತಿಲ್ಲ. ಆದರೆ ಬರಿಗಣ್ಣಿನಿಂದ ಓದಲು ಯಾರ ಅಪ್ಪಣೆಯೂ ಬೇಡ.

ಹರಿಹರಕ್ಕೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ ಹೋಗಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲು ಬರಿದಾಗಿ ಕಾಣುತ್ತದೆ. ಓರೆಬಿಸಿಲು ಬಿದ್ದಾಗ ಪ್ರತಿ ಅಕ್ಷರಕ್ಕೂ ನೆರಳು ಹುಟ್ಟುತ್ತದೆ. ಇಂಥ ಕಲ್ಲುಗಳ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಸೂರ್ಯ ಚಂದ್ರರು ಇರುತ್ತಾರೆ, ದಾನ ಅವರಿರುವವರೆಗೂ ನಡೆಯಲಿ ಎಂಬ ಗುರುತಾಗಿ. ಕೊನೆಯ ಸಾಲುಗಳಲ್ಲಿ ದಾನಕ್ಕೆ ಅಳುಪಿದವನಿಗೆ ಶಾಪ. ನಡುವೆ ಎಲ್ಲೋ ಒಂದು ಕಡೆ ಶಕವರ್ಷ ಬರುತ್ತದೆ, ಕೆಲವೊಮ್ಮೆ ಅಂಕಿಯಲ್ಲಿ, ಕೆಲವೊಮ್ಮೆ ಪದಗಳಲ್ಲಿ. ಅಕ್ಷರಗಳು ಇಂದಿನ ಕನ್ನಡಕ್ಕಿಂತ ದುಂಡಗೆ, ತಲೆಕಟ್ಟು ಬೇರೆ ಬಗೆಯವು. ಆದರೂ ಮ, ಗ, ರ, ನ ಗಳನ್ನು ಸ್ವಲ್ಪ ಹೊತ್ತಿನಲ್ಲಿಯೇ ಗುರುತು ಹಿಡಿಯಬಹುದು. ಶಕವರ್ಷ ಸಿಕ್ಕಿದರೆ 78 ಕೂಡಿಸಿ. 1146 ಎಂದಿದ್ದರೆ ಅದು 1224, ಪೋಲಾಳ್ವನ ವರ್ಷ. 1332 ಎಂದಿದ್ದರೆ ನೀವು ನಿಂತಿರುವುದು ಹರಿದ್ರೆಯ ಕಟ್ಟೆಯ ಕರಾರಿನ ಮುಂದೆ.